ವಿಶ್ವವಿದ್ಯಾಲಯದ ಪುಸ್ತಕದಂಗಡಿಯಲ್ಲಿ ಲ್ಯಾಪ್‌ಟಾಪ್, ಕ್ಯಾಲ್ಕುಲೇಟರ್ ವ್ಯಾಪಾರ: ದಾಸ್ತಾನು, ಬಿಲ್ಲು, ವಾರಂಟಿ ಹೇಗೆ ನಿಭಾಯಿಸುತ್ತೀರಿ?

ಪುಣೆ ಪುಸ್ತಕ ಕೌಂಟರ್

ಎಲ್ಲರಿಗೂ ನಮಸ್ಕಾರ. ನಾನು ಹುಬ್ಬಳ್ಳಿಯವಳು. ಅಪ್ಪನ ಪುಸ್ತಕದಂಗಡಿಯಲ್ಲೇ ಬೆಳೆದೆ. ಈಗ ಪುಣೆಯ ಒಂದು ವಿಶ್ವವಿದ್ಯಾಲಯದ ಆವರಣದಲ್ಲಿರುವ ಪುಸ್ತಕದಂಗಡಿಯನ್ನು ನೋಡಿಕೊಳ್ಳುತ್ತಿದ್ದೇನೆ. ಪುಸ್ತಕದ ಕಡೆಯಲ್ಲಿ ನನಗೆ ಯಾವ ಗೊಂದಲವೂ ಇಲ್ಲ. ಬೇಕೆಂದಾಗ ಇಲ್ಲಿನ ಪುಸ್ತಕ ಪೇಟೆಯಾದ ಅಪ್ಪಾ ಬಳವಂತ ಚೌಕಕ್ಕೆ ಹುಡುಗನನ್ನು ಕಳುಹಿಸಿದರೆ ಸಂಜೆಯೊಳಗೆ ಪಠ್ಯಪುಸ್ತಕ ಬರುತ್ತದೆ, ಉಳಿದದ್ದನ್ನು ಪ್ರಕಾಶಕರಿಗೆ ಹಿಂದಿರುಗಿಸುತ್ತೇವೆ.

ಆದರೆ ಆಡಳಿತ ಮಂಡಳಿಯವರು ಎಲೆಕ್ಟ್ರಾನಿಕ್ಸ್ ವಿಭಾಗವನ್ನೂ ನನಗೇ ಒಪ್ಪಿಸಿದ್ದಾರೆ. ಲ್ಯಾಪ್‌ಟಾಪ್, ಕ್ಯಾಲ್ಕುಲೇಟರ್, ಪೆನ್‌ಡ್ರೈವ್, ಇಯರ್‌ಫೋನ್, ಚಾರ್ಜರ್, ಪವರ್ ಬ್ಯಾಂಕ್ ಎಲ್ಲವೂ ಇವೆ. ಹಿಂದಿನಿಂದ ಬಂದ ಒಂದು ಬೀರುವಿನಲ್ಲಿ ಹಳೆಯ ಮೈಕ್ರೋ ಯುಎಸ್‌ಬಿ ಕೇಬಲ್‌ಗಳು ತುಂಬಿವೆ. ಕೆಲವು ಲ್ಯಾಪ್‌ಟಾಪ್‌ಗಳು ಡಬ್ಬಿ ಒಡೆಯದೆಯೇ ಕುಳಿತಿವೆ. ಬಿಲ್ಲಿನ ಸಾಫ್ಟ್‌ವೇರ್ ಪುಸ್ತಕಕ್ಕೆಂದು ಮಾಡಿದ್ದು. ಅದರಲ್ಲಿ "ಲ್ಯಾಪ್‌ಟಾಪ್, ಪ್ರತಿ 4" ಎಂದಷ್ಟೇ ಕಾಣುತ್ತದೆ. ಯಾವ ಲ್ಯಾಪ್‌ಟಾಪ್ ಯಾರಿಗೆ ಹೋಯಿತು ಎನ್ನುವುದು ಎಲ್ಲಿಯೂ ಇಲ್ಲ.

ಈ ವ್ಯಾಪಾರವನ್ನು ಮುಂದುವರಿಸಬೇಕೇ, ಮುಂದುವರಿಸಿದರೆ ಏನನ್ನು ಇಟ್ಟುಕೊಳ್ಳಬೇಕು? ಅನುಭವ ಇರುವವರು ದಯವಿಟ್ಟು ವಿವರವಾಗಿ ಹೇಳಿ. ಮಕ್ಕಳು ನಂಬಿಕೊಂಡು ಬರುವ ಅಂಗಡಿ ಇದು, ಅವರಿಗೆ ಅನ್ಯಾಯ ಆಗಬಾರದು.

ಗ್ರಾಂಟ್ ರೋಡ್ ಹಳಬ

ಒಳ್ಳೆಯ ಪ್ರಶ್ನೆ ಕೇಳಿದ್ದೀರಿ ತಂಗಿ. ನಾನು ಉಡುಪಿ ಕಡೆಯವನು, ಮುಂಬೈಗೆ ಬಂದು ಎಲೆಕ್ಟ್ರಾನಿಕ್ಸ್ ಪೇಟೆಯಾದ ಲ್ಯಾಮಿಂಗ್ಟನ್ ರಸ್ತೆಯ ಅಂಗಡಿಯೊಂದರಲ್ಲಿ ಕೆಲಸಕ್ಕೆ ಸೇರಿ ಅಲ್ಲಿಯೇ ತಲೆ ನರೆತವನು. ಗ್ರಾಂಟ್ ರೋಡ್ ಸ್ಟೇಷನ್ನಿನ ಪಕ್ಕದ ಈ ರಸ್ತೆಗೆ ಈಗ ಡಾ. ಭಡಕಮ್ಕರ್ ಮಾರ್ಗ ಎಂದು ಹೆಸರಿದ್ದರೂ ವ್ಯಾಪಾರಿಗಳ ಬಾಯಲ್ಲಿ ಹಳೆಯ ಹೆಸರೇ ಉಳಿದಿದೆ.

ನೀವು ಮೊದಲು ಮನಸ್ಸಿಗೆ ತಂದುಕೊಳ್ಳಬೇಕಾದದ್ದು ಒಂದೇ ಮಾತು. ಪುಸ್ತಕ ಹಿಂದಿರುಗುತ್ತದೆ, ಎಲೆಕ್ಟ್ರಾನಿಕ್ ಸಾಮಾನು ಹಿಂದಿರುಗುವುದಿಲ್ಲ. ಪ್ರಕಾಶಕ ಉಳಿದ ಪ್ರತಿಗಳನ್ನು ವಾಪಸು ತೆಗೆದುಕೊಳ್ಳುತ್ತಾನೆ. ಡಿಸ್ಟ್ರಿಬ್ಯೂಟರ್ ಒಮ್ಮೆ ಬಿಲ್ ಮಾಡಿದ ಮೇಲೆ ತಿರುಗಿ ನೋಡುವುದಿಲ್ಲ. ಹೊಸ ಮಾಡೆಲ್ ಬಂದ ದಿನವೇ ನಿಮ್ಮ ಕಪಾಟಿನಲ್ಲಿರುವ ಹಳೆಯ ಮಾಡೆಲ್‌ನ ಬೆಲೆ ಇಳಿಯುತ್ತದೆ. ಕೆಲವು ಕಂಪನಿಗಳು ಬೆಲೆ ಇಳಿಸಿದಾಗ ವ್ಯತ್ಯಾಸವನ್ನು ಕೊಡುತ್ತವೆ, ಆದರೆ ಅದೂ ಸೀರಿಯಲ್ ನಂಬರ್ ಸಹಿತ ದಾಸ್ತಾನು ಪಟ್ಟಿ ಕೊಟ್ಟವರಿಗೆ ಮಾತ್ರ. ನಿಮ್ಮ ಸಾಫ್ಟ್‌ವೇರ್‌ನಲ್ಲಿ ಆ ಪಟ್ಟಿಯೇ ಇಲ್ಲವಲ್ಲ!

ಒಂದು ಲೆಕ್ಕ ನೋಡಿ. 50,000 ರೂಪಾಯಿಗೆ ಮಾರುವ ಲ್ಯಾಪ್‌ಟಾಪ್ ನಿಮಗೆ 48,000ಕ್ಕೆ ಸಿಕ್ಕಿತು ಎಂದುಕೊಳ್ಳಿ. ಗಿರಾಕಿ ಕ್ರೆಡಿಟ್ ಕಾರ್ಡ್ ಉಜ್ಜಿದರೆ ಶೇ. 2ರ ಲೆಕ್ಕದಲ್ಲಿ 1,000 ರೂಪಾಯಿ ಬ್ಯಾಂಕಿಗೆ ಹೋಯಿತು. ಅದೇ ಲ್ಯಾಪ್‌ಟಾಪ್ ಆರು ತಿಂಗಳು ಮಾರಾಟವಾಗದೆ ಕುಳಿತರೆ, ವರ್ಷಕ್ಕೆ ಶೇ. 12ರ ಬಡ್ಡಿಯಲ್ಲಿ 48,000ಕ್ಕೆ 2,880 ರೂಪಾಯಿ. ಲಾಭವೆಲ್ಲ ಕರಗಿ ಕೈಯಿಂದಲೇ ಹಾಕಬೇಕಾಯಿತು. ಆದ್ದರಿಂದ ಲ್ಯಾಪ್‌ಟಾಪನ್ನು ದಾಸ್ತಾನು ಮಾಡಬೇಡಿ. ನೋಡಲು ಒಂದೆರಡು ಇಡಿ, ಮುಂಗಡ ಪಡೆದು ತರಿಸಿಕೊಡಿ. ನಿಮ್ಮ ಹೊಟ್ಟೆ ತುಂಬಿಸುವುದು ಕೇಬಲ್, ಮೌಸ್, ಕ್ಯಾಲ್ಕುಲೇಟರ್, ಅಡಾಪ್ಟರ್ ಇಂಥ ಸಣ್ಣ ಸಾಮಾನು.

ಡೊಂಬಿವಲಿ ಲೆಕ್ಕಿಗ

ಹಳಬರ ಲೆಕ್ಕಕ್ಕೆ ಒಂದು ಸೇರ್ಪಡೆ. ಎರಡೂ ಬೆಲೆ ಜಿಎಸ್‌ಟಿ ಸೇರಿದವಾದರೆ ಆ 2,000 ರೂಪಾಯಿಯಲ್ಲಿ ಸುಮಾರು 305 ರೂಪಾಯಿ ಸರ್ಕಾರದ್ದು, ನಿಮಗೆ ಉಳಿಯುವುದು 1,695. ಕಾರ್ಡ್ ಶುಲ್ಕ ಕಳೆದರೆ 695. ಗಿರಾಕಿಗಳಿಗೆ ಬ್ಯಾಂಕ್ ಖಾತೆಯಿಂದ ನೇರವಾಗಿ ಯುಪಿಐ ಮಾಡಲು ಹೇಳಿ. 2020ರ ಜನವರಿಯಿಂದ ಅದಕ್ಕೆ ವ್ಯಾಪಾರಿ ಶುಲ್ಕ ಕಟ್ಟಬೇಕಾಗಿಲ್ಲ. ತಂದೆತಾಯಿ ಊರಿನಲ್ಲಿದ್ದರೆ ಅವರ ಮೊಬೈಲಿಗೆ ಪಾವತಿ ಲಿಂಕ್ ಕಳುಹಿಸಬಹುದು.

ತೆರಿಗೆಯ ಕಡೆ ಪುಸ್ತಕದಂಗಡಿಯವರು ಸಾಮಾನ್ಯವಾಗಿ ಎಡವುವ ಜಾಗಗಳನ್ನು ಹೇಳಿಬಿಡುತ್ತೇನೆ. ಮುದ್ರಿತ ಪುಸ್ತಕಕ್ಕೆ ಜಿಎಸ್‌ಟಿ ಇಲ್ಲ. 2025ರ ಸೆಪ್ಟೆಂಬರ್ 22ರಿಂದ ನೋಟ್‌ಬುಕ್, ಪೆನ್ಸಿಲ್, ರಬ್ಬರಿಗೂ ಇಲ್ಲ. ಲ್ಯಾಪ್‌ಟಾಪ್, ಪವರ್ ಬ್ಯಾಂಕ್, ಚಾರ್ಜರ್‌ಗಳಿಗೆ ಶೇ. 18. ಒಂದೇ ಗಿರಾಕಿ ಎರಡೂ ಕೊಂಡಾಗ ಎರಡು ಬಿಲ್ ಹರಿಯಬೇಕಾಗಿಲ್ಲ. ನೋಂದಣಿ ಇಲ್ಲದ ಗಿರಾಕಿಗೆ, ಅಂದರೆ ನಿಮ್ಮ ವಿದ್ಯಾರ್ಥಿಗೆ, ಜಿಎಸ್‌ಟಿ ನಿಯಮ 46ಎ ಪ್ರಕಾರ ಒಂದೇ ಬಿಲ್ಲಿನಲ್ಲಿ ತೆರಿಗೆಯದ್ದನ್ನೂ ತೆರಿಗೆ ಇಲ್ಲದ್ದನ್ನೂ ತೋರಿಸಬಹುದು.

ಆದರೆ ಪಠ್ಯಪುಸ್ತಕ ಮತ್ತು ಕ್ಯಾಲ್ಕುಲೇಟರ್ ಸೇರಿಸಿ "ಎರಡೂ ಸೇರಿ ಇಷ್ಟು" ಎಂದು ಒಂದೇ ಬೆಲೆಗೆ ಮಾರಬೇಡಿ. ಅದು ಮಿಶ್ರ ಪೂರೈಕೆ ಎನಿಸಿಕೊಳ್ಳುತ್ತದೆ. ಆಗ ಕಟ್ಟಿನಲ್ಲಿರುವ ಅತಿ ಹೆಚ್ಚಿನ ದರ ಇಡೀ ಕಟ್ಟಿಗೆ ಅನ್ವಯಿಸುತ್ತದೆ, ಪುಸ್ತಕವೂ ಶೇ. 18ಕ್ಕೆ ಏರುತ್ತದೆ. ರಿಯಾಯಿತಿ ಕೊಡುವುದಾದರೆ ಪ್ರತಿ ಸಾಮಾನಿನ ಎದುರಿಗೆ ಬೇರೆ ಬೇರೆ ಬರೆದು ಕೊಡಿ.

ಇನ್ನೊಂದು, ಬಾಡಿಗೆ, ಸಾಫ್ಟ್‌ವೇರ್, ಕಾರ್ಡ್ ಯಂತ್ರ ಇಂಥ ಸಾಮಾನ್ಯ ಖರ್ಚುಗಳ ಮೇಲೆ ಕಟ್ಟಿದ ಜಿಎಸ್‌ಟಿಯನ್ನು ನೀವು ಪೂರ್ತಿ ಹಿಂದಕ್ಕೆ ಪಡೆಯುವ ಹಾಗಿಲ್ಲ. ಒಟ್ಟು ವಹಿವಾಟಿನಲ್ಲಿ ತೆರಿಗೆ ಇಲ್ಲದ ಪುಸ್ತಕದ ಪಾಲು ಎಷ್ಟೋ ಅಷ್ಟನ್ನು ನಿಯಮ 42ರ ಪ್ರಕಾರ ಬಿಟ್ಟುಕೊಡಬೇಕು. ನೋಟ್‌ಬುಕ್ಕಿನ ತೆರಿಗೆ ಹೋದ ಮೇಲೆ ಆ ಪಾಲು ಇನ್ನೂ ಹೆಚ್ಚಿದೆ. ಹಳೆಯ ಅನುಪಾತವನ್ನೇ ಇಟ್ಟುಕೊಂಡು ಲೆಕ್ಕ ಸಲ್ಲಿಸುತ್ತಿದ್ದರೆ ಈಗಲೇ ನಿಮ್ಮ ಸಿಎ ಅವರನ್ನು ಕಾಣಿ.

ಚಿಂಚವಾಡದ ತಂದೆ

ನಾನು ಗಿರಾಕಿಯ ಕಡೆಯಿಂದ ಕೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ಮಗಳು ಎಂಜಿನಿಯರಿಂಗ್ ಮೊದಲ ವರ್ಷ. ಲ್ಯಾಪ್‌ಟಾಪ್ ಆನ್‌ಲೈನ್‌ನಲ್ಲಿ ಕಡಿಮೆಗೆ ಸಿಗುತ್ತದೆ. ಆಪಲ್ ಕಂಪನಿಯವರೇ 2020ರ ಸೆಪ್ಟೆಂಬರಿನಲ್ಲಿ ಭಾರತದಲ್ಲಿ ಆನ್‌ಲೈನ್ ಅಂಗಡಿ ತೆರೆದು ವಿದ್ಯಾರ್ಥಿಗಳಿಗೆ ನೇರವಾಗಿ ರಿಯಾಯಿತಿ ಕೊಡುತ್ತಾರೆ. ಹೀಗಿರುವಾಗ ಕಾಲೇಜಿನ ಅಂಗಡಿಗೆ ಯಾಕೆ ಬರಬೇಕು?

ಪುಣೆ ಪುಸ್ತಕ ಕೌಂಟರ್

ಬೇಸರವೇನೂ ಇಲ್ಲ ಅಣ್ಣ. ಬೆಲೆಯಲ್ಲಿ ನಾವು ಅವರ ಎದುರು ನಿಲ್ಲಲಾರೆವು. ಆದರೆ ಪರೀಕ್ಷೆಯ ಹಿಂದಿನ ಸಂಜೆ ಚಾರ್ಜರ್ ಸುಟ್ಟು ಓಡಿ ಬರುವ ಹುಡುಗಿಗೆ ಆನ್‌ಲೈನ್ ಅಂಗಡಿ ಇದ್ದೂ ಇಲ್ಲದ ಹಾಗೆ. ಯಾವ ಪರೀಕ್ಷೆಗೆ ಯಾವ ಕ್ಯಾಲ್ಕುಲೇಟರ್ ಒಯ್ಯಬಹುದು ಎಂದು ನಮಗೆ ವಿಭಾಗದಿಂದಲೇ ಗೊತ್ತಾಗುತ್ತದೆ. ಪ್ರೋಗ್ರಾಮ್ ಮಾಡಬಹುದಾದ ಮಾಡೆಲ್ ಕೊಂಡು ಹೋಗಿ ಪರೀಕ್ಷಾ ಕೊಠಡಿಯ ಬಾಗಿಲಲ್ಲಿ ಅದನ್ನು ಒಪ್ಪಿಸಬೇಕಾಗಿ ಬಂದ ಮಕ್ಕಳನ್ನು ನೋಡಿದ್ದೇನೆ. ಗೇಟ್ ಪರೀಕ್ಷೆಗೆ ಓದುವವರು ಬಂದರೆ, ಅಲ್ಲಿ ಪರದೆಯ ಮೇಲೆಯೇ ಕ್ಯಾಲ್ಕುಲೇಟರ್ ಕೊಡುತ್ತಾರೆ, ಅದಕ್ಕೆಂದು ದುಬಾರಿಯದು ಕೊಳ್ಳಬೇಡಿ ಎಂದು ನಾನೇ ಹೇಳುತ್ತೇನೆ. ಈ ಮಾತು ಹೇಳಲು ಅಂಗಡಿ ಬೇಕಲ್ಲವೇ?

ಗ್ರಾಂಟ್ ರೋಡ್ ಹಳಬ

ತಂಗಿ ಹೇಳಿದ್ದು ಸರಿ. ಆದರೆ ಆ ಭರವಸೆ ಬಾಯಿಮಾತಿನಲ್ಲಿ ನಿಲ್ಲುವುದಿಲ್ಲ, ದಾಖಲೆಯಲ್ಲಿ ನಿಲ್ಲಬೇಕು. ನಿಮ್ಮ ಸಾಫ್ಟ್‌ವೇರ್ ವಿಷಯಕ್ಕೆ ಬರುತ್ತೇನೆ.

ಪುಸ್ತಕದ ಹಿಂಬದಿಯಲ್ಲಿರುವ 13 ಅಂಕಿಯ ಐಎಸ್‌ಬಿಎನ್ ಎಂಬ ಗುರುತು ಸಂಖ್ಯೆ ಒಂದು ಶೀರ್ಷಿಕೆಯ ಒಂದು ಆವೃತ್ತಿಗೆ ಒಂದೇ. ನೂರು ಪ್ರತಿಗೂ ಅದೇ ಸಂಖ್ಯೆ, ಯಾವ ಪ್ರತಿ ಯಾರಿಗೆ ಹೋದರೂ ವ್ಯತ್ಯಾಸವಿಲ್ಲ. ಲ್ಯಾಪ್‌ಟಾಪ್, ಹಾರ್ಡ್ ಡಿಸ್ಕ್‌ಗಳಲ್ಲಿ ಮಾಡೆಲ್‌ನ ಬಾರ್‌ಕೋಡ್ ಬೇರೆ, ಆ ಒಂದು ತುಂಡಿನ ಸೀರಿಯಲ್ ನಂಬರ್ ಬೇರೆ. ಡಬ್ಬಿಯ ಮೇಲೆ ಎರಡೂ ಒಂದರ ಪಕ್ಕ ಒಂದು ಅಂಟಿರುತ್ತವೆ. ಹೊಸಬ ಹುಡುಗ ಅವಸರದಲ್ಲಿ ಮಾಡೆಲ್‌ನ ಬಾರ್‌ಕೋಡನ್ನೇ ಎರಡು ಸಲ ಸ್ಕ್ಯಾನ್ ಮಾಡುತ್ತಾನೆ. ಸಾಮಾನು ಒಳಗೆ ಬರುವಾಗ ಒಮ್ಮೆ, ಹೊರಗೆ ಹೋಗುವಾಗ ಒಮ್ಮೆ ಸೀರಿಯಲ್ ನಂಬರ್ ದಾಖಲಾಗದ ಹೊರತು ಬಿಲ್ ಮುಂದಕ್ಕೆ ಹೋಗದಂತೆ ಸಾಫ್ಟ್‌ವೇರ್‌ನಲ್ಲಿ ಕಟ್ಟುಮಾಡಿಸಿ. ಅದು ಆಗದಿದ್ದರೆ ಒಂದು ದಪ್ಪ ರಿಜಿಸ್ಟರ್ ಇಟ್ಟು ಕೈಯಲ್ಲೇ ಬರೆಸಿ, ನಾವು ಎಷ್ಟೋ ವರ್ಷ ಹಾಗೆಯೇ ನಡೆಸಿದೆವು.

ಒಮ್ಮೆ ಒಬ್ಬ ಹುಡುಗ ಕೆಟ್ಟ ಹಾರ್ಡ್ ಡಿಸ್ಕ್ ತಂದ. ಡಬ್ಬಿ ನಮ್ಮದು, ಬಿಲ್ ನಮ್ಮದು. ತಿರುಗಿಸಿ ನೋಡಿದರೆ ಡಿಸ್ಕಿನ ಮೇಲಿನ ನಂಬರ್ ನಮ್ಮ ಪುಸ್ತಕದಲ್ಲಿ ಇಲ್ಲ. ನಾವು ಅಂಟಿಸುತ್ತಿದ್ದ ತಿಂಗಳು, ವರ್ಷದ ಚಿಕ್ಕ ಚೀಟಿಯೂ ಅದರ ಮೇಲಿಲ್ಲ. ರಿಜಿಸ್ಟರ್ ಅವನ ಮುಂದಿಟ್ಟೆ. ಹಾಸ್ಟೆಲ್ಲಿನಲ್ಲಿ ಗೆಳೆಯನ ಡಿಸ್ಕಿನೊಂದಿಗೆ ಅದಲುಬದಲಾಗಿದೆ ಎಂದು ಅವನಿಗೇ ಹೊಳೆಯಿತು. ಮರುದಿನ ಸರಿಯಾದದ್ದನ್ನು ತಂದ, ನಾವು ಬದಲಿಸಿಕೊಟ್ಟೆವು. ಜಗಳವಿಲ್ಲ, ಕಳ್ಳ ಎಂಬ ಮಾತಿಲ್ಲ. ಆ ಪುಸ್ತಕ ಇಲ್ಲದಿದ್ದರೆ ಒಂದೋ ಅಂಗಡಿಗೆ ನಷ್ಟ, ಇಲ್ಲವೇ ಆ ಹುಡುಗನಿಗೆ ಅವಮಾನ.

ಲ್ಯಾಪ್‌ಟಾಪ್ ಡಬ್ಬಿಯನ್ನು ಗಿರಾಕಿಯ ಎದುರಿಗೇ ಒಡೆಯಿರಿ. ಡಬ್ಬಿಯ ನಂಬರ್, ಲ್ಯಾಪ್‌ಟಾಪಿನ ತಳದ ನಂಬರ್, ಬಿಲ್ಲಿನ ನಂಬರ್ ಮೂರನ್ನೂ ಅವರೇ ಓದಿ ಹೇಳಲಿ. ಆಮೇಲೆ ಕಂಪನಿಯ ಜಾಲತಾಣದಲ್ಲಿ ವಾರಂಟಿ ದಿನಾಂಕ ನೋಡಿ. ಎಷ್ಟೋ ಸಲ ಅಲ್ಲಿ ವಾರಂಟಿ ಕಾರ್ಖಾನೆಯಿಂದ ಸಾಮಾನು ಹೊರಟ ದಿನದಿಂದಲೇ ಓಡುತ್ತಿರುತ್ತದೆ. ಬಿಲ್ಲಿನ ಪ್ರತಿ ಕಳುಹಿಸಿ ಮಾರಾಟದ ದಿನಾಂಕಕ್ಕೆ ಸರಿಪಡಿಸಿಕೊಡುವುದು ಅಂಗಡಿಯವರ ಕೆಲಸ. ಹದಿನೆಂಟು ವರ್ಷದ ಮಕ್ಕಳಿಗೆ ಇದು ಹೊಳೆಯುವುದಿಲ್ಲ. ಹನ್ನೊಂದನೆಯ ತಿಂಗಳಲ್ಲಿ ಪರದೆ ಕೆಟ್ಟಾಗ ವಾರಂಟಿ ಮುಗಿದಿದೆ ಎಂಬ ಉತ್ತರ ಕೇಳಿ ಅಳುತ್ತಾ ಕೂರುತ್ತಾರೆ.

ತಾಪಕೀರ್ ಗಲ್ಲಿ ರಿಪೇರಿ

ಪುಣೆಯ ತಾಪಕೀರ್ ಗಲ್ಲಿಯಲ್ಲಿ ರಿಪೇರಿ ಮಾಡುವವನು ನಾನು, ಊರು ಬಿಜಾಪುರದ ಕಡೆ. ಅಕ್ಕಾ, ಚಾರ್ಜರ್ ಮತ್ತು ಕೇಬಲ್ ಬಗ್ಗೆ ಸ್ವಲ್ಪ ಹೇಳುತ್ತೇನೆ. ನನ್ನ ಮೇಜಿಗೆ ಬರುವ ಅರ್ಧ ಗೋಳು ಅಲ್ಲಿಂದಲೇ ಶುರುವಾಗುತ್ತದೆ.

ಅಡಾಪ್ಟರ್, ಪವರ್ ಬ್ಯಾಂಕ್, ಲ್ಯಾಪ್‌ಟಾಪ್‌ಗಳಿಗೆ ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ನೋಂದಣಿ ಕಡ್ಡಾಯ. ಸಾಮಾನಿನ ಮೈಮೇಲೆ ಆರ್ ಅಕ್ಷರದಿಂದ ಶುರುವಾಗುವ ಸಂಖ್ಯೆ ಇರುತ್ತದೆ. ಸುಮ್ಮನೆ ಅಚ್ಚು ಹಾಕಿರುವವರೂ ಇದ್ದಾರೆ, ಆದ್ದರಿಂದ ಬಿಐಎಸ್ ಕೇರ್ ಎಂಬ ಆ್ಯಪ್‌ನಲ್ಲಿ ಆ ಸಂಖ್ಯೆ ಹಾಕಿ ನೋಡಿ. ಬರುವ ಕಂಪನಿಯ ಹೆಸರು, ಸಾಮಾನಿನ ಬಗೆ ಎರಡೂ ನಿಮ್ಮ ಕೈಯಲ್ಲಿರುವುದಕ್ಕೆ ಹೊಂದಬೇಕು. ಡಬ್ಬಿಯ ಮೇಲೆ ಗರಿಷ್ಠ ಮಾರಾಟ ಬೆಲೆ, ತಯಾರಾದ ದೇಶ, ತಯಾರಕರ ಅಥವಾ ಆಮದುದಾರರ ಹೆಸರು ವಿಳಾಸ, ಗ್ರಾಹಕ ದೂರಿನ ಸಂಪರ್ಕ ಇಲ್ಲದಿದ್ದರೆ ಆ ಮಾಲನ್ನು ಒಳಗೇ ತೆಗೆದುಕೊಳ್ಳಬೇಡಿ. ಅಗ್ಗವಾಗಿ ಕೊಡುತ್ತೇನೆ ಎಂದು ಬರುವವರು ಬಹಳ ಜನ.

ಈಗ ಸಿ ಟೈಪ್ ಕೇಬಲ್. ಹೊರಗಿನಿಂದ ಎಲ್ಲವೂ ಒಂದೇ ರೀತಿ ಕಾಣುತ್ತವೆ, ಒಳಗೆ ಹಾಗಿಲ್ಲ. ಸಾಮಾನ್ಯ ಸಿ-ಯಿಂದ-ಸಿ ಕೇಬಲ್ 3 ಆಂಪಿಯರ್ ಹೊರುತ್ತದೆ, 20 ವೋಲ್ಟಿನಲ್ಲಿ 60 ವ್ಯಾಟ್. ಅದಕ್ಕಿಂತ ಹೆಚ್ಚು ಬೇಕೆಂದರೆ 5 ಆಂಪಿಯರಿನ ಕೇಬಲ್ ಇರಬೇಕು. ಅದರ ತುದಿಯೊಳಗೆ ತಾನು ಎಷ್ಟು ಹೊರಬಲ್ಲೆ ಎಂದು ಚಾರ್ಜರಿಗೆ ತಿಳಿಸುವ ಚಿಕ್ಕ ಚಿಪ್ ಇರುತ್ತದೆ. 100 ವ್ಯಾಟ್ ಚಾರ್ಜರ್ ಕೊಂಡ ಹುಡುಗ ಮೊಬೈಲಿನ ಕೇಬಲ್ ಹಾಕಿ, ಲ್ಯಾಪ್‌ಟಾಪ್ ನಿಧಾನವಾಗಿ ಚಾರ್ಜ್ ಆಗುತ್ತದೆ, ಚಾರ್ಜರ್ ಕೆಟ್ಟಿದೆ ಎಂದು ಬರುತ್ತಾನೆ. ಕೆಟ್ಟಿರುವುದಿಲ್ಲ. ಕಪಾಟಿನಲ್ಲಿ ಈ ಎರಡನ್ನೂ ಬೇರೆ ಬೇರೆ ಕೊಕ್ಕೆಗೆ ಹಾಕಿ, ವ್ಯಾಟ್ ಎಷ್ಟೆಂದು ದೊಡ್ಡದಾಗಿ ಬರೆಸಿ. ಯುರೋಪಿಯನ್ ಒಕ್ಕೂಟದಲ್ಲಿ 2024ರ ಡಿಸೆಂಬರ್ 28ರಿಂದ ಹೊಸ ಫೋನುಗಳಿಗೆ ಸಿ ಟೈಪ್ ಕಡ್ಡಾಯವಾಗಿದೆ, ಕಂಪನಿಗಳು ಎಲ್ಲ ದೇಶಗಳಿಗೂ ಅದನ್ನೇ ಹಾಕುತ್ತಿವೆ. ನಿಮ್ಮ ಖರೀದಿ ಇನ್ನು ಮುಂದೆ ಅದರ ಮೇಲೆಯೇ ನಿಲ್ಲಲಿ.

ಪೆನ್‌ಡ್ರೈವ್, ಮೆಮೊರಿ ಕಾರ್ಡ್‌ಗಳ ಹೊಸ ಮಾಲು ಬಂದಾಗ ಒಂದನ್ನು ತೆಗೆದು ಪೂರ್ತಿ ತುಂಬಿಸಿ, ಮತ್ತೆ ಓದಿಸಿ ನೋಡಿ. ಅದಕ್ಕೆಂದೇ ಎಚ್‌2ಟೆಸ್ಟ್‌ಡಬ್ಲ್ಯು ಎಂಬ ಉಚಿತ ಸಾಫ್ಟ್‌ವೇರ್ ಇದೆ. 128 ಜಿಬಿ ಎಂದು ತೋರಿಸಿ ಒಳಗೆ 8 ಜಿಬಿ ಮಾತ್ರ ಇರುವ ನಕಲಿಗಳು ಇವೆ. ಎಂಟು ತುಂಬುವವರೆಗೆ ಯಾರಿಗೂ ತಿಳಿಯುವುದಿಲ್ಲ, ಆಮೇಲೆ ಹಾಕಿದ್ದೆಲ್ಲ ಹಾಳು. ಪ್ರಬಂಧ ಬರೆದಿಟ್ಟ ಎಂ.ಎ. ಹುಡುಗಿಯೊಬ್ಬಳು ಅಂಥದೊಂದನ್ನು ತಂದು ನನ್ನ ಮುಂದೆ ಕುಳಿತಿದ್ದಳು. ಏನೂ ತೆಗೆದುಕೊಡಲು ಆಗಲಿಲ್ಲ, ಇವತ್ತಿಗೂ ಅದು ನನ್ನನ್ನು ಚುಚ್ಚುತ್ತದೆ.

ಪಣಜಿ ಕಡೆಯವಳು

ಗೋವಾದಲ್ಲಿ ಕಾಲೇಜೊಂದರ ಸಹಕಾರಿ ಅಂಗಡಿಯಲ್ಲಿ ಇದ್ದೇನೆ, ಕಾರವಾರದವಳು. ಪುಣೆಯವರಿಗೆ ನಮ್ಮಷ್ಟು ತೇವದ ಕಾಟ ಇರಲಿಕ್ಕಿಲ್ಲ, ಆದರೂ ಹೇಳುತ್ತೇನೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಲ್ಲಿ ಪುಸ್ತಕಕ್ಕೆ ಬೂಷ್ಟು ಹಿಡಿಯುವ ಹಾಗೆಯೇ ಸಾಮಾನುಗಳ ಲೋಹದ ತುದಿಗಳು ಕಪ್ಪಾಗುತ್ತವೆ. ಸಿಲಿಕಾ ಜೆಲ್ ಪೊಟ್ಟಣ ಹಾಕಿದ ಗಾಜಿನ ಬೀರು ಬೇಕು, ಗೋಡೆಗೆ ಅಂಟಿಸಿ ಇಡಬಾರದು.

ಪವರ್ ಬ್ಯಾಂಕನ್ನು ಪೂರ್ತಿ ಖಾಲಿ ಮಾಡಿಯೂ ಇಡಬೇಡಿ, ಪೂರ್ತಿ ತುಂಬಿಯೂ ಇಡಬೇಡಿ. ಲಿಥಿಯಂ ಬ್ಯಾಟರಿ ಅರ್ಧದಷ್ಟು ಚಾರ್ಜಿನಲ್ಲಿ, ತಂಪಾದ ಜಾಗದಲ್ಲಿ ಬಹಳ ಕಾಲ ಬಾಳುತ್ತದೆ. ಮೂರು ನಾಲ್ಕು ತಿಂಗಳಿಗೊಮ್ಮೆ ತೆಗೆದು ದೀಪ ನೋಡಿ. ಊದಿಕೊಂಡದ್ದು ಕಂಡರೆ ಅದನ್ನು ಒತ್ತಲು ಹೋಗಬೇಡಿ, ಕಾಗದದ ರಾಶಿಯಿಂದ ದೂರ ಇಡಿ. ಪುಸ್ತಕದಂಗಡಿ ಎಂದರೆ ಸುತ್ತಲೂ ಉರಿಯುವ ಸಾಮಾನೇ. ಗುಜರಿಯವನಿಗೆ ಕೊಡದೆ ಅನುಮತಿ ಪಡೆದ ಮರುಬಳಕೆದಾರರಿಗೇ ಕೊಡಿ. ಬ್ಯಾಟರಿ ತ್ಯಾಜ್ಯದ ಬಗ್ಗೆ 2022ರ ನಿಯಮಗಳಿವೆ, ಇ-ತ್ಯಾಜ್ಯದ ಹೊಸ ನಿಯಮಗಳು 2023ರ ಏಪ್ರಿಲ್ 1ರಿಂದ ಜಾರಿಯಲ್ಲಿವೆ. ಹಾಸ್ಟೆಲ್ ಮಕ್ಕಳು ಕೆಟ್ಟ ಇಯರ್‌ಫೋನ್, ಚಾರ್ಜರ್ ಹಾಕಿ ಹೋಗಲು ನಾವು ಬಾಗಿಲ ಬಳಿ ಒಂದು ಪೆಟ್ಟಿಗೆ ಇಟ್ಟಿದ್ದೇವೆ.

ಚಿಂಚವಾಡದ ತಂದೆ

ಇಷ್ಟೆಲ್ಲ ಓದಿದ ಮೇಲೆ ಮಗಳನ್ನು ಕಾಲೇಜಿನ ಅಂಗಡಿಗೆ ಕಳುಹಿಸಬಹುದು ಎನಿಸುತ್ತಿದೆ. ಆದರೆ ಅಲ್ಲಿ "ಮಾರಿದ ಸಾಮಾನು ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ" ಎಂದು ಬಿಲ್ಲಿನ ತಳದಲ್ಲಿ ಅಚ್ಚು ಮಾಡಿರುತ್ತಾರಲ್ಲ?

ಡೊಂಬಿವಲಿ ಲೆಕ್ಕಿಗ

ದೋಷವಿರುವ ಸಾಮಾನಿನ ಮಟ್ಟಿಗೆ ಆ ಸಾಲಿಗೆ ಬೆಲೆಯಿಲ್ಲ. 2020ರ ಜುಲೈನಲ್ಲಿ ಜಾರಿಗೆ ಬಂದ ಗ್ರಾಹಕ ಸಂರಕ್ಷಣಾ ಕಾಯ್ದೆ, 2019ರ ಪ್ರಕಾರ ದೋಷವಿರುವ ಸಾಮಾನನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ ಹಿಂದಕ್ಕೆ ತೆಗೆದುಕೊಳ್ಳಲು ನಿರಾಕರಿಸುವುದು ಅನುಚಿತ ವ್ಯಾಪಾರ ಪದ್ಧತಿ. ಅವಧಿ ಹೇಳಿರದಿದ್ದರೆ 30 ದಿನ. ಬಿಲ್ ಕೊಡದಿರುವುದೂ ಅದೇ ಪಟ್ಟಿಯಲ್ಲಿದೆ. ಕೌಂಟರಿನವರಿಗೆ ನನ್ನ ವಿನಂತಿ, ಆ ಸಾಲನ್ನು ತೆಗೆಸಿ. ಅದರ ಜಾಗದಲ್ಲಿ ಸೀರಿಯಲ್ ನಂಬರ್, ವಾರಂಟಿ ಯಾವ ತಾರೀಕಿನವರೆಗೆ, ಕೆಟ್ಟರೆ ಎಲ್ಲಿಗೆ ಬರಬೇಕು ಎಂದು ಬರೆಸಿ. ಥರ್ಮಲ್ ಕಾಗದದ ಬಿಲ್ ವರ್ಷ ತುಂಬುವುದರೊಳಗೆ ಅಳಿಸಿಹೋಗುತ್ತದೆ. ವಿದ್ಯಾರ್ಥಿಯ ಇಮೇಲಿಗೂ ಒಂದು ಪ್ರತಿ ಹೋಗಲಿ.

ಪುಣೆ ಪುಸ್ತಕ ಕೌಂಟರ್

ನಿಮಗೆಲ್ಲ ತುಂಬು ಕೃತಜ್ಞತೆ. ಇವತ್ತು ಬೀರು ತೆರೆದು ಕುಳಿತೆ. ಡಬ್ಬಿ ಒಡೆಯದ ಲ್ಯಾಪ್‌ಟಾಪ್‌ಗಳಲ್ಲಿ ಇರುವುದು ವಿಂಡೋಸ್ 10. ಅದಕ್ಕೆ ಮೈಕ್ರೋಸಾಫ್ಟ್ 2025ರ ಅಕ್ಟೋಬರ್ 14ರಂದು ಸಾಮಾನ್ಯ ಬೆಂಬಲ ನಿಲ್ಲಿಸಿತು. ವಿಂಡೋಸ್ 11ಕ್ಕೆ ಏರುತ್ತದೆಯೋ ಇಲ್ಲವೋ ಎಂದು ಒಂದೊಂದನ್ನೂ ಪರೀಕ್ಷಿಸಿ, ಏರುವುದನ್ನು ಏರಿಸಿ, ಬೆಲೆ ಇಳಿಸಿ, ವಿಷಯ ಮುಚ್ಚಿಡದೆ ಹೇಳಿ ಮಾರುತ್ತೇನೆ. ಏರದಿರುವುದನ್ನು ವಿದ್ಯಾರ್ಥಿಗೆ ಮಾರುವುದಿಲ್ಲ. ಅಂಗಡಿಯಲ್ಲಿ ಪುಸ್ತಕ ಹುಡುಕುವ ಯಂತ್ರವಾಗಿ ಲಿನಕ್ಸ್ ಹಾಕಿ ಬಳಸುತ್ತೇವೆ. ಸೀರಿಯಲ್ ನಂಬರ್ ವಿಷಯವನ್ನು ಸಾಫ್ಟ್‌ವೇರ್‌ನವರಿಗೆ ಬರೆದಿದ್ದೇನೆ. ಅವರು ಮಾಡಿಕೊಡುವವರೆಗೆ ರಿಜಿಸ್ಟರ್.

ಇನ್ನು ಉಳಿದದ್ದು ಆ ಮೈಕ್ರೋ ಯುಎಸ್‌ಬಿ ಕೇಬಲ್‌ಗಳು. ಹೊಸ ಫೋನಿಗೆ ಯಾರೂ ಕೇಳುವುದಿಲ್ಲ. ಇ-ತ್ಯಾಜ್ಯಕ್ಕೆ ಹಾಕಿಬಿಡಲೇ?

ತಾಪಕೀರ್ ಗಲ್ಲಿ ರಿಪೇರಿ

ಬೇಡ ಅಕ್ಕಾ, ತಡೆಯಿರಿ! ಎಲೆಕ್ಟ್ರಾನಿಕ್ಸ್ ಮತ್ತು ಕಂಪ್ಯೂಟರ್ ವಿಭಾಗದ ಮಕ್ಕಳು ಪ್ರಾಜೆಕ್ಟಿಗೆ ಬಳಸುವ, ಪ್ರೋಗ್ರಾಮ್ ಹಾಕಿ ನಡೆಸುವ ನೋಡ್‌ಎಂಸಿಯು ಎಂಬ ಚಿಕ್ಕ ಬೋರ್ಡುಗಳಲ್ಲಿ ಬಹುಪಾಲಿಗೆ ಇವತ್ತಿಗೂ ಮೈಕ್ರೋ ಯುಎಸ್‌ಬಿಯೇ ಬೇಕು. ಅಂಗೈಯಗಲದ ಕಂಪ್ಯೂಟರ್ ಆದ ಹಳೆಯ ರಾಸ್ಪ್‌ಬೆರಿ ಪೈ 3ಕ್ಕೂ ಅದೇ, ಪೈ 4ರಿಂದ ಸಿ ಟೈಪ್ ಆಯಿತು. ವಿಭಾಗದ ಲ್ಯಾಬ್ ಸಹಾಯಕರನ್ನು ಕೇಳಿ, ಎಷ್ಟು ಬೇಕು ಎಂದು ಅವರೇ ಹೇಳುತ್ತಾರೆ.

ಆದರೆ ಕೊಡುವ ಮೊದಲು ಒಂದೊಂದನ್ನೂ ಕಂಪ್ಯೂಟರಿಗೆ ಚುಚ್ಚಿ, ಇನ್ನೊಂದು ತುದಿಗೆ ಹಳೆಯ ಫೋನ್ ಸಿಕ್ಕಿಸಿ ನೋಡಿ. ಫೋನಿನ ಕಡತಗಳು ಕಂಪ್ಯೂಟರಿನಲ್ಲಿ ಕಂಡರೆ ಮಾತ್ರ ಅದು ಬೋರ್ಡಿಗೆ ಪ್ರೋಗ್ರಾಮ್ ಹಾಕಲು ಆಗುತ್ತದೆ. ಅಗ್ಗದ ಎಷ್ಟೋ ಕೇಬಲ್‌ಗಳಲ್ಲಿ ಚಾರ್ಜಿಗೆ ಬೇಕಾದ ಎರಡೇ ತಂತಿ ಇರುತ್ತವೆ, ಡೇಟಾದ ತಂತಿ ಇರುವುದೇ ಇಲ್ಲ. ಅಂಥವನ್ನು ಬೇರೆ ತೆಗೆದಿಟ್ಟು "ಚಾರ್ಜಿಗೆ ಮಾತ್ರ" ಎಂದು ಚೀಟಿ ಅಂಟಿಸಿ.

ಪುಣೆ ಪುಸ್ತಕ ಕೌಂಟರ್

ಸರಿ ತಮ್ಮಾ, ಹಾಗೆಯೇ ಮಾಡುತ್ತೇನೆ. ಮೈಕ್ರೋ ಯುಎಸ್‌ಬಿ ಇರುವ ಹಳೆಯ ಫೋನ್ ನಮ್ಮ ಕೌಂಟರಿನ ಹುಡುಗನ ಬಳಿ ಇದೆ. ನಾಳೆ ಬೆಳಿಗ್ಗೆ ಅಂಗಡಿ ತೆರೆಯುವ ಮೊದಲು ಅವನನ್ನು ಕೂರಿಸಿ ಎಲ್ಲವನ್ನೂ ಬೇರ್ಪಡಿಸುತ್ತೇನೆ. ಲ್ಯಾಬ್‌ನವರು ಎಷ್ಟು ಕೇಳಿದರು ಎಂದು ಇಲ್ಲಿಯೇ ತಿಳಿಸುತ್ತೇನೆ.